ವಾರದ ಊಟ

ಇಂದಿನ ಮಕ್ಕಳಿಗೆ ವಾರವೆಂದರೆ ಏಳು ದಿನ. ನಮ್ಮ ತಂದೆಯವರ ಕಾಲದಲ್ಲಿ ಧಾರವಾಡಕ್ಕೆ ಓದಲು ಬಂದ ಬಡ ಹುಡುಗರಿಗೆ ವಾರವೆಂದರೆ ಏಳು ಮನೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ, ಬುಧವಾರ ಮತ್ತೊಬ್ಬರಲ್ಲಿ. ಹೀಗೆ ಉಣ್ಣುವುದಕ್ಕೆ ವಾರಾನ್ನವೆಂದು ಹೆಸರು. “ನಿನಗ ಎಷ್ಟು ವಾರ ಆಗ್ಯಾವ?” ಎಂದು ಒಬ್ಬ ಹುಡುಗ ಇನ್ನೊಬ್ಬನನ್ನು ಕೇಳಿದರೆ, ಊರಿಗೆ ಬಂದು ಎಷ್ಟು ದಿನವಾಯಿತು ಎಂದಲ್ಲ, ಊಟಕ್ಕೆ ಎಷ್ಟು ಮನೆ ಗೊತ್ತಾಗಿವೆ ಎಂದು ಅರ್ಥ. “ಐದು” ಎಂದು ಉತ್ತರ ಬಂದರೆ ಐದು ದಿನ ಊಟ, ಎರಡು ದಿನ ನೀರು ಎಂದು ತಿಳಿಯಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಮ್ಮ ಪಾಠಗಳಲ್ಲಿ ಅರಸರಿದ್ದಾರೆ, ಯುದ್ಧಗಳಿವೆ, ಒಪ್ಪಂದಗಳಿವೆ. ಶಾಲೆಗಳನ್ನು ಯಾರು ತೆರೆದರು ಎಂಬುದೂ ಇದೆ. ಆದರೆ ಆ ಶಾಲೆಗೆ ಬಂದ ಮಕ್ಕಳು ಏನು ಉಂಡು ಓದಿದರು, ಅವರಿಗೆ ಯಾರು ಬೇಯಿಸಿ ಹಾಕಿದರು ಎಂಬುದು ಎಲ್ಲಿಯೂ ಇಲ್ಲ. ಈ ಸಲದ ದಸರೆಯ ರಜೆಯಲ್ಲಿ ಮಗಳು ಬೆಂಗಳೂರಿನಿಂದ ಬಂದಿದ್ದಳು. ಎಂಬತ್ತು ದಾಟಿದ ಅವ್ವ ನಮ್ಮ ಜೊತೆಗೇ ಇದ್ದಾಳೆ. ವಿಜಯದಶಮಿಯಿಂದ ಶೀಗಿ ಹುಣ್ಣಿಮೆಯ ಮರುದಿನದವರೆಗೆ ಏಳು ದಿನ ನಾವು ಮನೆಯಲ್ಲಿ ಮಾಡಿ ಉಂಡೆವು, ಹೊರಗೆ ಹೋಗಿಯೂ ತಿಂದೆವು. ಆಶ್ವೀಜದ ಆ ದಿನಗಳಲ್ಲಿ ಧಾರವಾಡದ ಹವೆ ಬಲು ಹಿತ. ಮಳೆ ಹಿಂದೆ ಸರಿದಿರುತ್ತದೆ, ಬೆಳಿಗ್ಗೆ ಇಬ್ಬನಿ, ಸಂಜೆಗೆ ಸಣ್ಣ ಚಳಿ. ಒಲೆಯ ಮುಂದೆ ಕೂತು ಮಾತಾಡುವುದಕ್ಕೆ ಹೇಳಿ ಮಾಡಿಸಿದ ಕಾಲ. ಒಂದೊಂದು ದಿನದ ತಾಟಿನಲ್ಲಿ ಒಂದೊಂದು ಇತಿಹಾಸದ ತುಣುಕು ಸಿಕ್ಕಿತು. ಅದನ್ನೇ ದಿನವಾರು ಬರೆದಿಟ್ಟಿದ್ದೇನೆ.

ಮೊದಲ ದಿನ ವಿಜಯದಶಮಿ. ನಮ್ಮಲ್ಲಿ ಆ ದಿನ ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಚಿತ್ರಾನ್ನ. ಹೂರಣಕ್ಕೆ ಬೇಯಿಸಿದ ಕಡಲೆಬೇಳೆಯ ನೀರನ್ನು ಚೆಲ್ಲದೆ ಅದಕ್ಕೇ ಹುಣಸೆಹಣ್ಣು, ಖಾರ, ಒಂದು ಮುದ್ದೆ ಹೂರಣ ಹಾಕಿ ಸಾರು ಕುದಿಸಿದ ಹೆಂಗಸು ಯಾರೋ, ಅವಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಹಬ್ಬದ ಇತಿಹಾಸವೇನೋ ಚೆನ್ನಾಗಿ ದಾಖಲಾಗಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಪೇಟೆಯಲ್ಲಿ ಅಕ್ಕಿ, ಗೋದಿ, ಜೋಳ, ಹೆಸರು, ಹುರುಳಿ ಸಮೃದ್ಧವಾಗಿದ್ದವೆಂದೂ ನಿಂಬೆ, ಕಿತ್ತಳೆ, ಬದನೆಕಾಯಿಗಳು ಹೇರುಗಟ್ಟಲೆ ಬರುತ್ತಿದ್ದವೆಂದೂ ಹೇಳಿದ್ದಾನೆ. ವಿಜಯನಗರ ಅಳಿದ ಮೇಲೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದೇ ಉತ್ಸವವನ್ನು ಮುಂದುವರಿಸಿದರು. ನಮ್ಮ ಧಾರವಾಡದ ಕಡೆ ಆನೆ ಅಂಬಾರಿ ಇಲ್ಲ. ಸಂಜೆ ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರಧಾಂಗ ಇರೋಣ” ಎಂದು ಹಿರಿಯರ ಕಾಲಿಗೆ ಬಿದ್ದರೆ ಹಬ್ಬವಾಯಿತು.

ನಮ್ಮ ತಂದೆ 1946ರಲ್ಲಿ, ಹನ್ನೆರಡರ ಹುಡುಗ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಹಳ್ಳಿಯಿಂದ ಇಲ್ಲಿಗೆ ಬಂದರು. ಇರುವುದಕ್ಕೆ ಒಂದು ಗುಡಿಯ ಪೌಳಿಯಲ್ಲಿ ಖೋಲಿ ಸಿಕ್ಕಿತು. ಊಟಕ್ಕೆ ವಾರ ಹಿಡಿಯಬೇಕಾಯಿತು. ಹಬ್ಬದ ದಿನವೆಂದರೆ ವಾರದ ಹುಡುಗರಿಗೆ ಆಸೆಯೂ ಹೌದು, ಅಂಜಿಕೆಯೂ ಹೌದು. ಮನೆಯವರ ಊಟ, ಬೀಗರ ಊಟ ಮುಗಿದು ಕಡೆಯ ಪಂಕ್ತಿಗೆ ಕರೆ ಬರುವ ತನಕ ಕಟ್ಟೆಯ ಮೇಲೆ ಕೂತಿರಬೇಕು. ಆ ಹೊತ್ತಿಗೆ ಹೋಳಿಗೆ ಉಳಿದಿದ್ದರೆ ಉಂಟು. ಆದರೆ ಒಂದು ಮನೆಯ ಯಜಮಾನಿತಿ ಮಾತ್ರ ಹೋಳಿಗೆ ಬೇಯಿಸುತ್ತಿದ್ದ ಹಾಗೆಯೇ ಎರಡನ್ನು ಬೇರೆ ತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳಂತೆ. ಅವಳ ಹೆಸರು ತಂದೆಗೆ ಗೊತ್ತಿರಲಿಲ್ಲ. ಹಿರಿಯ ಹೆಂಗಸರ ಹೆಸರು ಕೇಳುವ ವಾಡಿಕೆಯೂ ಇರಲಿಲ್ಲ. ಕೊನೆಯವರೆಗೂ ಅವರು ಆಕೆಯನ್ನು ಕರೆದದ್ದು ‘ಗುರುವಾರದ ಕಾಕು’ ಎಂದೇ. ಉಳಿದವರು ಸೋಮವಾರದ ಅಜ್ಜಿ, ಮಂಗಳವಾರದ ವೈನಿ, ಹೀಗೆ. ಏಳು ದಿನಗಳಿಗೆ ಏಳು ಹೆಂಗಸರು.

ಎರಡನೆಯ ದಿನ ಏಕಾದಶಿ. ಅವ್ವನದು ಇವತ್ತಿಗೂ ತಪ್ಪದ ಉಪವಾಸ. ಅನ್ನವಿಲ್ಲ, ರೊಟ್ಟಿಯಿಲ್ಲ. ಸಾಬೂದಾಣಿ ಖಿಚಡಿ, ಬಟಾಟಿ ಪಲ್ಲೆ, ಶೇಂಗಾ ಉಂಡಿ, ಒಂದೆರಡು ಹಸಿಮೆಣಸಿನಕಾಯಿ. ಮಗಳು ಖಿಚಡಿ ಹಾಕಿಕೊಳ್ಳುತ್ತ, “ಅಜ್ಜೀ, ನಿನ್ನ ಉಪವಾಸಾನ ಛಲೋ ಅದ, ದಿನಾ ಮಾಡೋಣ” ಎಂದಳು. ನಾನು ಆ ತಾಟನ್ನೇ ನೋಡುತ್ತ ಲೆಕ್ಕ ಹಾಕಿದೆ. ಶೇಂಗಾ, ಬಟಾಟಿ, ಮೆಣಸಿನಕಾಯಿ, ಸಾಬೂದಾಣಿಯ ಮೂಲವಾದ ಮರಗೆಣಸು, ಈ ನಾಲ್ಕೂ ಅಮೆರಿಕಾ ಖಂಡದ ಬೆಳೆಗಳು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಾಗ ಇವುಗಳಲ್ಲಿ ಒಂದೂ ನಮ್ಮ ನೆಲದಲ್ಲಿರಲಿಲ್ಲ. ಪೋರ್ಚುಗೀಸರೂ ಅವರ ಹಿಂದೆ ಬಂದವರೂ ಹಡಗಿನಲ್ಲಿ ತಂದವು. ಸಾಬೂದಾಣಿಯಂತೂ ಇನ್ನೂ ಈಚಿನದು. ಮೊದಲು ಆಗ್ನೇಯ ಏಷ್ಯದಿಂದ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದು ನಿಂತ ಮೇಲೆ ತಮಿಳುನಾಡಿನ ಸೇಲಂ ಸುತ್ತ ಮರಗೆಣಸಿನಿಂದ ಮಾಡುವ ಉದ್ಯಮ ಬೆಳೆಯಿತು. ಹಳೆಯ ಶಾಸ್ತ್ರಗಳು ಏಕಾದಶಿಗೆ ಧಾನ್ಯ ಬೇಡವೆಂದವೇ ಹೊರತು, ಆಗ ಇಲ್ಲಿಗೆ ಬಂದೇ ಇರದ ಗೆಡ್ಡೆಗಳನ್ನು ಬೇಡವೆನ್ನುವುದು ಸಾಧ್ಯವಿರಲಿಲ್ಲ. ಆ ಸಂದಿಯಲ್ಲಿ ನುಸುಳಿದ ಪರದೇಶದ ಪದಾರ್ಥಗಳೇ ಇಂದು ನಮ್ಮ ಮಡಿಯ ಆಹಾರವಾಗಿ ಕೂತಿವೆ.

ಇದನ್ನು ಹೇಳಿದರೆ ಅವ್ವ ಒಂದಿಷ್ಟೂ ಗಾಬರಿಯಾಗಲಿಲ್ಲ. “ಎಲ್ಲಿಂದರೆ ಬರಲಿ, ಹೊಟ್ಟಿಗೆ ಹಿತ ಆದ್ರ ಆತು” ಎಂದಳು. ಆಮೇಲೆ, “ನಿಮ್ಮಪ್ಪಗ ಏಕಾದಶಿ ಅಂದ್ರ ಸಿಟ್ಟು” ಎಂದು ನಕ್ಕಳು. ಕಾರಣವಿತ್ತು. ವಾರದ ಮನೆಯಲ್ಲಿ ಏಕಾದಶಿಯಾದರೆ ಒಲೆ ಹೊತ್ತುವುದಿಲ್ಲ. ದೊಡ್ಡವರಿಗೆ ಪುಣ್ಯ, ಹುಡುಗನಿಗೆ ಉಪವಾಸ. ಮನೆಯಲ್ಲಿ ಸೂತಕ ಬಂದರೆ ಹತ್ತು ದಿನ ಆ ವಾರ ತಪ್ಪಿತು. ಮನೆಯವರು ಯಾತ್ರೆಗೆ ಹೋದರೆ ಬಾಗಿಲಿಗೆ ಕೀಲಿ. ಏಕಾದಶಿ ಯಾವ ವಾರ ಬಿದ್ದಿದೆ ಎಂದು ತಿಂಗಳ ಆರಂಭದಲ್ಲಿಯೇ ಪಂಚಾಂಗ ನೋಡುತ್ತಿದ್ದ ಹುಡುಗರು, ದ್ವಾದಶಿಯ ಪಾರಣೆ ಯಾರ ಮನೆಯಲ್ಲಿ ಬೇಗ ಆಗುತ್ತದೆ ಎಂಬುದನ್ನೂ ತಿಳಿದಿರುತ್ತಿದ್ದರು.

ಮೂರನೆಯ ದಿನ, ಪಾರಣೆ ಮುಗಿದ ದಿನದ ಸಂಜೆ, ಪೇಟೆಗೆ ಹೊರಟೆವು. ಒಂದು ಗಾಡಿಯ ಮುಂದೆ ಗಿರ್ಮಿಟ್ ಮತ್ತು ಬಿಸಿ ಮಿರ್ಚಿ ತಿಂದು, ಲೈನ್ ಬಜಾರಿಗೆ ಹೋಗಿ ಪೇಡೆ ತಂದೆವು. ಧಾರವಾಡ ಪೇಡೆಯ ಮೂಲವೂ ವಲಸೆಯದೇ. 19ನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ಬಂದ ಠಾಕೂರ ಮನೆತನದವರು ಲೈನ್ ಬಜಾರಿನಲ್ಲಿ ಅಂಗಡಿ ಇಟ್ಟರು. ಹಾಲನ್ನು ಕಂದು ಬಣ್ಣಕ್ಕೆ ತಿರುಗುವ ತನಕ ಕಾಯಿಸಿ, ಉಂಡೆ ಮಾಡಿ, ಸಕ್ಕರೆ ಪುಡಿಯಲ್ಲಿ ಹೊರಳಿಸುವ ಈ ಪೇಡೆಗೆ ಊರಿನ ಹೆಸರೇ ಅಂಟಿಕೊಂಡಿತು.

ಪೇಟೆಯ ತಿನಿಸನ್ನು ಪೇಟೆಯಲ್ಲಿಯೇ ನಿಂತು ತಿನ್ನುವುದು ಬಹುಕಾಲ ಗಂಡಸರ ಪಾಲಿನದಾಗಿತ್ತು. ಹೆಂಗಸರಿಗೆ ಅದು ಕಾಗದದ ಪುಡಿಕೆಯಲ್ಲಿ ಮನೆಗೆ ಬರುತ್ತಿತ್ತು. ನಮ್ಮ ತಂದೆ ಸಂತೆಗೆ ಹೋದಾಗೆಲ್ಲ ಅವ್ವನಿಗಾಗಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಆರಿ, ಮೆತ್ತಗಾಗಿ, ಎಣ್ಣೆ ಕಾಗದಕ್ಕೆ ಇಳಿದಿರುತ್ತಿತ್ತು. “ಬಾಣಲಿಯಿಂದ ತಗದದ್ದು ಹಿಂಗ ಗರಿಗರಿ ಇರ್ತದಂತ ನನಗ ಗೊತ್ತಾಗಿದ್ದು ನಿನ್ನ ಮದುವಿ ಆದಮ್ಯಾಲೆ” ಎಂದು ಅವ್ವ ಗಾಡಿಯ ಮುಂದೆ ಹಾಕಿದ ಬೆಂಚಿನ ಮೇಲೆ ಕೂತು ಹೇಳಿದಳು. ಅಂದರೆ ಐವತ್ತು ದಾಟಿದ ಮೇಲೆ.

ಪೇಡೆಯ ಬಗ್ಗೆ ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿಯುಂಟು. ತಂದೆ ಮೆಟ್ರಿಕ್ ಮುಗಿಸಿ ಅಂಚೆ ಖಾತೆಯಲ್ಲಿ ನೌಕರಿ ಹಿಡಿದ ಮೇಲೆ, ಮೊದಲ ಪಗಾರದಲ್ಲಿ ಏಳು ಪುಡಿಕೆ ಪೇಡೆ ಕಟ್ಟಿಸಿ ಏಳೂ ಮನೆಗೆ ಹೋದರಂತೆ. ಶುಕ್ರವಾರದ ಮನೆಯಲ್ಲಿ ಆ ತಾಯಿಯ ಫೋಟೋಕ್ಕೆ ಹಾರ ಹಾಕಿತ್ತು. ಪುಡಿಕೆಯನ್ನು ಆ ಫೋಟೋದ ಮುಂದೆ ಇಟ್ಟು ಬಂದರಂತೆ.

ಇಷ್ಟು ಹೇಳಿದರೆ ವಾರಾನ್ನವೆಂಬುದು ಬರೀ ಪ್ರೀತಿಯ ಊಟವೆಂದು ಓದುಗರು ತಿಳಿದಾರು. ಹಾಗಿರಲಿಲ್ಲ. ಕೆಲವು ಮನೆಗಳಲ್ಲಿ ಊಟಕ್ಕೆ ಬದಲು ಬಾವಿಯಿಂದ ನೀರು ಸೇದಬೇಕು, ಸಣ್ಣ ಮಕ್ಕಳನ್ನು ಶಾಲೆಗೆ ಮುಟ್ಟಿಸಬೇಕು. ತಂಗಳು ಬಡಿಸುವವರೂ ಇದ್ದರು. ಇನ್ನೊಮ್ಮೆ ಬೇಕೆಂದು ಕೇಳಬಾರದೆಂಬುದು ವಾರದ ಹುಡುಗ ಕಲಿಯುತ್ತಿದ್ದ ಮೊದಲ ಪಾಠ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಈ ಊಟ ಸಿಗುತ್ತಿದ್ದದ್ದು ಸ್ವಂತ ಜಾತಿಯ ಮನೆಗಳಲ್ಲಿ. ಯಾವ ಜಾತಿಗೆ ಊರಿನಲ್ಲಿ ಉಂಡು ಮಿಗುವ ಮನೆಗಳಿದ್ದವೋ ಆ ಜಾತಿಯ ಬಡ ಹುಡುಗನಿಗೆ ವಾರ ಸಿಕ್ಕೀತು. ಉಳಿದವರಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಒಲೆಯ ಬಾಗಿಲು ಮುಚ್ಚಿತ್ತು.

ಶಾಲೆಯ ಬಾಗಿಲಾದರೂ ಸುಲಭವಾಗಿ ತೆರೆಯಿತೇ? 1856ರಲ್ಲಿ ಇದೇ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಲು ಹೋದಾಗ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿಕೊಂಡ. ಒಬ್ಬನಿಗಾಗಿ ಊರನ್ನೆಲ್ಲ ಎದುರು ಹಾಕಿಕೊಳ್ಳಲು ಸರಕಾರ ಸಿದ್ಧವಿರಲಿಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ತಿಳಿಸಿದರು. ಕಾಗದದ ಮೇಲೆ ಅಷ್ಟಾಯಿತು. ಆ ಹುಡುಗನ ಅರ್ಜಿ ಮಾತ್ರ ಇತಿಹಾಸದಲ್ಲಿ ಉಳಿಯಿತು. ಅದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ನಮ್ಮೂರಿನದೇ ಕಥೆ ಎಂದು ತಿಳಿದಾಗ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ.

ನಾಲ್ಕನೆಯ ದಿನ ತ್ರಯೋದಶಿ. ಮಗಳಿಗೆ ಹೋಟೆಲಿನ ಮಸಾಲೆ ದೋಸೆ ಬೇಕಾಯಿತು. ಎಲ್ಲರೂ ಹೋದೆವು. ಅವ್ವ ಒಳಗೆ ಕಾಲಿಟ್ಟು ಸುತ್ತ ನೋಡಿ, “ಪರದೆ ಎಲ್ಲದ?” ಎಂದು ಕೇಳಿದಳು. ಮಗಳಿಗೆ ಅರ್ಥವಾಗಲಿಲ್ಲ. ಮೊದಲು ನಮ್ಮ ಕಡೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂದು ಬರೆದ ಸಣ್ಣ ಸಣ್ಣ ಗೂಡುಗಳಿರುತ್ತಿದ್ದವು, ಬಾಗಿಲಿಗೆ ಜೋಲುವ ಪರದೆ. ತಂದೆ ಅವ್ವನನ್ನು ಮೊದಲ ಸಲ ಹೋಟೆಲಿಗೆ ಕರೆದುಕೊಂಡು ಹೋದದ್ದು ಅಂಥದೊಂದು ಗೂಡಿಗೆ. ಅವ್ವ ಗೋಡೆಯ ಕಡೆ ಮುಖ ಮಾಡಿ ದೋಸೆ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಬಂದಳಂತೆ.

ನಮ್ಮ ನಾಡಿನ ಹೋಟೆಲುಗಳ ಇತಿಹಾಸದಲ್ಲಿ ಉಡುಪಿಯ ಕಡೆಯವರದು ದೊಡ್ಡ ಪಾಲು. 1923ರ ಮಹಾಪ್ರವಾಹದಲ್ಲಿ ದಕ್ಷಿಣ ಕನ್ನಡದ ಹೊಲಮನೆಗಳು ಹಾಳಾದ ಮೇಲೆ ಅನೇಕರು ಊರು ಬಿಟ್ಟರು. ಮಠ ಮತ್ತು ದೇವಸ್ಥಾನಗಳ ಅಡಿಗೆಮನೆಯಲ್ಲಿ ಕಲಿತ ಕೈಗುಣವೇ ಅವರ ಬಂಡವಾಳ. ಬೆಂಗಳೂರಿನಲ್ಲಿ ಮಯ್ಯರು 1924ರಲ್ಲಿ ತೆರೆದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆಯ ಇಡ್ಲಿ ಮಾಡಿದರು. ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಹುಬ್ಬಳ್ಳಿ-ಧಾರವಾಡಗಳಿಗೆ ಉಡುಪಿಯವರೂ ಬಂದರು, ಉತ್ತರ ಕನ್ನಡದ ಕಾಮತರೂ ಬಂದರು.

ಕಾಸು ಕೊಟ್ಟವನಿಗೆ ಊಟ ಎಂಬುದು ಹೋಟೆಲಿನ ನ್ಯಾಯ. ಆದರೆ ಮೊದಲ ದಶಕಗಳಲ್ಲಿ ಹೋಟೆಲುಗಳೂ ಜಾತಿಯನ್ನು ಹೊರಗಿಟ್ಟು ಬರಲಿಲ್ಲ. ಬ್ರಾಹ್ಮಣರಿಗೆ ಒಳಗಿನ ಪಂಕ್ತಿ, ಉಳಿದವರಿಗೆ ಹೊರಗಿನದು. ದಲಿತರಿಗೆ ಹಲವೆಡೆ ಬಾಗಿಲಾಚೆ ಬೇರೆ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಹೆಸರು ಹಿಡಿದೇ ಅಲ್ಲಿ ಭೇದ ಮಾಡಕೂಡದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಆದರೂ 1957ರಲ್ಲಿ ಮದರಾಸಿನಲ್ಲಿ ಒಂದು ಹೋಟೆಲಿನ ಫಲಕದ ಮೇಲಿನ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರರು ಚಳವಳಿಯನ್ನೇ ಮಾಡಬೇಕಾಯಿತು. ಸಂವಿಧಾನ ಬರೆದವರು ಮೂಲಭೂತ ಹಕ್ಕುಗಳ ನಡುವೆ ಹೋಟೆಲನ್ನೇಕೆ ತಂದರು ಎಂದು ಒಮ್ಮೆ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಉತ್ತರವನ್ನು ಅವನ ಪಕ್ಕದಲ್ಲಿ ಕೂತಿದ್ದ ಹುಡುಗನೇ ಹೇಳಿದ: “ನಮ್ಮಜ್ಜ ಛಾ ಕುಡಿದು ಲೋಟ ತಾನಽ ತೊಳದಿಡತಿದ್ದನಂತ ರೀ.”

ಐದನೆಯ ದಿನ ಮಧ್ಯಾಹ್ನ ಖಾನಾವಳಿಗೆ ಹೋದೆವು. ಹೋಟೆಲಿಗೂ ಖಾನಾವಳಿಗೂ ವ್ಯತ್ಯಾಸವನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿ ತಿನಿಸು, ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕಿಕಾಳಿನ ಪಲ್ಲೆ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಹಕ್ಕರಕಿ ತಪ್ಪಲು, ಗಟ್ಟಿ ಮೊಸರು. ಎಣ್ಣೆಗಾಯಿಯ ಬದನೆಕಾಯಿ ಕನ್ನಡಿಗರ ಹಳೆಯ ಪ್ರೀತಿ. 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸ ಬದನೆಕಾಯಿಯ ಅಡಿಗೆಗಳನ್ನು ವಿಸ್ತಾರವಾಗಿ ಹೇಳಿದ್ದಾನೆ. ಅವನ ಬದನೆಕಾಯಿಗೆ ಬ್ಯಾಡಗಿ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಪುಡಿಯೂ ಇರಲಿಲ್ಲ. ಅವೆರಡನ್ನೂ ತುಂಬಿ ಇವತ್ತಿನ ಎಣ್ಣೆಗಾಯಿ ಮಾಡಿದವರು ಪುಸ್ತಕ ಬರೆಯದ ಹೆಂಗಸರು.

ಖಾನಾವಳಿಯನ್ನು ಬೆಳೆಸಿದ್ದು ಕೋರ್ಟು, ಕಚೇರಿ ಮತ್ತು ಕಾಲೇಜು. ಧಾರವಾಡ 1956ರ ತನಕ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲಾಸ್ಥಳ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದು ಇಲ್ಲಿ, ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದದ್ದು ಇಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಬಂದು ನೆಲೆಸಿದ್ದು ಇಲ್ಲಿ. ಖಟ್ಲೆಗೆ ಬಂದ ರೈತ, ಮನೆ ಮಾಡದ ಗುಮಾಸ್ತ, ಹಳ್ಳಿಯಿಂದ ಬಂದ ವಿದ್ಯಾರ್ಥಿ, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಕು. ಗಂಡ ತೀರಿಕೊಂಡು ಮಕ್ಕಳನ್ನು ಸಾಕಬೇಕಾದ ಎಷ್ಟೋ ಹೆಂಗಸರು ತಮ್ಮ ಪಡಸಾಲೆಯಲ್ಲಿಯೇ ನಾಲ್ಕು ಮಣೆ ಹಾಕಿ ತಿಂಗಳ ಲೆಕ್ಕದಲ್ಲಿ ಉಣ್ಣಿಸತೊಡಗಿದರು. ಬೇರೆ ಬಂಡವಾಳವಿಲ್ಲ, ಕಲ್ಲು ಪರಾತ, ಹಂಚು ಮತ್ತು ರಟ್ಟೆ. ಆ ಮಧ್ಯಾಹ್ನ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ತಾಳ ಹಿಡಿದ ಹಾಗೆ ಕೇಳುತ್ತಿತ್ತು. ಅವ್ವ ಉಣ್ಣುವುದನ್ನು ಬಿಟ್ಟು ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯುವಾಕೆಯನ್ನು ಮಾತಾಡಿಸಿ ಬಂದಳು. “ಮುಂಜಾನೆ ಐದಕ್ಕ ಹಂಚು ಇಡ್ತಾಳಂತ. ಆಕಿ ಉಣ್ಣೂದು ನಾಕಕ್ಕ” ಎಂದು ಹೇಳಿ ಕೂತಳು. ಆಮೇಲೆ ತಾಟಿನಲ್ಲಿ ಒಂದು ತುಣುಕನ್ನೂ ಬಿಡಲಿಲ್ಲ.

ಅಂದು ರಾತ್ರಿ ಮರುದಿನದ ಹುಣ್ಣಿಮೆಗೆ ತಯಾರಿ. ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತ ಅಡಿಗೆಮನೆಯಲ್ಲಿ ಕೂತಿದ್ದೆವು. ಮಗಳು ಬೆಂಗಳೂರಿನಲ್ಲಿ ಒಂದು ಪಿ.ಜಿ.ಯಲ್ಲಿದ್ದಾಳೆ. ಅಲ್ಲಿನ ಸಾರು ಸೇರದಿದ್ದರೆ ಫೋನಿನಲ್ಲಿ ಒತ್ತಿ ಊಟ ತರಿಸಿಕೊಳ್ಳುತ್ತಾಳೆ. “ಅಜ್ಜೀ, ನೀ ಯಾಕ ಮುಂದ ಓದಲಿಲ್ಲ?” ಎಂದು ಅವಳು ಸಹಜವಾಗಿ ಕೇಳಿದಳು. ನಾನು ಅದನ್ನು ಎಷ್ಟೋ ಸಲ ಅರ್ಧಂಬರ್ಧ ಕೇಳಿದ್ದೆ. ಅಂದು ಅವ್ವ ಪೂರ್ತಿ ಹೇಳಿದಳು.

ಅವ್ವ 1956ರಲ್ಲಿ ಮುಲ್ಕಿ ಪರೀಕ್ಷೆ ಪಾಸಾದಳು. ಹಳ್ಳಿಯಲ್ಲಿ ಅದರಾಚೆ ಶಾಲೆ ಇರಲಿಲ್ಲ. ಅವಳ ಅಣ್ಣ ಎರಡು ವರ್ಷ ಮೊದಲು ಅವಳಿಗಿಂತ ಕಡಿಮೆ ಗುಣ ಪಡೆದು ಪಾಸಾಗಿ ಧಾರವಾಡಕ್ಕೆ ಹೋಗಿದ್ದ, ವಾರ ಹಿಡಿದು ಓದುತ್ತಿದ್ದ. ಮಾಸ್ತರರು ಮನೆಗೆ ಬಂದು, “ಹುಡುಗಿ ಶಾಣ್ಯಾ ಇದ್ದಾಳ, ಓದಸ್ರಿ” ಎಂದರು. ಅಜ್ಜನಿಗೆ ಮನಸ್ಸಿಲ್ಲದೆ ಇರಲಿಲ್ಲ. “ಓದಸ್ತೇನ್ರಿ. ಆದ್ರ ಹುಡುಗಿಗೆ ಯಾರು ವಾರ ಕೊಡ್ತಾರ?” ಎಂದರಂತೆ. ಮಾಸ್ತರರ ಬಳಿ ಉತ್ತರವಿರಲಿಲ್ಲ. ದಿನಕ್ಕೊಂದು ಮನೆಗೆ ಉಣ್ಣಲು ಹೋಗುವ ಹುಡುಗಿಯನ್ನು ಆ ಕಾಲ ಊಹಿಸಿಕೊಳ್ಳಲಾರದು. ಖಾನಾವಳಿಯಲ್ಲಿ ಕೂತು ಉಣ್ಣುವ ಹುಡುಗಿಯನ್ನೂ ಊಹಿಸಲಾರದು. ವಸತಿಗೃಹಕ್ಕೆ ಹಣವಿರಲಿಲ್ಲ. “ಪುಸ್ತಕ ಸಿಗ್ತಿದ್ದೂ, ಫೀ ಮಾಫಿ ಆಗ್ತಿತ್ತು. ಎರಡು ಹೊತ್ತಿನ ಊಟದ ಸಲುವಾಗಿ ನಿಂತಿತು” ಎಂದು ಅವ್ವ ಶೇಂಗಾ ಸಿಪ್ಪೆಯನ್ನು ಊದಿ ಹಾರಿಸಿದಳು. ಧ್ವನಿಯಲ್ಲಿ ದೂರೇನೂ ಇರಲಿಲ್ಲ. ಮಗಳು ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ.

ಒಬ್ಬೊಬ್ಬರಿಗೆ ಮುಚ್ಚಿದ ಆ ಬಾಗಿಲನ್ನು ತೆರೆಯಲು ಕೈ ಹಾಕಿದ ಸಂಸ್ಥೆಗಳ ಚರಿತ್ರೆ ನಮ್ಮೂರಿನಲ್ಲಿ ದೊಡ್ಡದೇ ಇದೆ. ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರು 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯದಲ್ಲಿ ಹಳ್ಳಿಯ ಮಕ್ಕಳಿಗೆ ಉಣ್ಣಿಸಿ ಓದಿಸಿದರು. ಡಾ. ಅಂಬೇಡ್ಕರರು 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯು ಶೋಷಿತ ವರ್ಗದ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಪನವೇಲ, ಠಾಣೆ, ನಾಸಿಕ, ಪುಣೆಗಳಲ್ಲಿ ನಡೆಸಿದ ವಸತಿನಿಲಯಗಳ ಜೊತೆಗೆ ಧಾರವಾಡದ್ದೂ ಒಂದು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿಗಳು ದಲಿತ ಬಾಲಕಿಯರಿಗಾಗಿ ಆಶ್ರಮ ತೆರೆದರು. ಮಕ್ಕಳನ್ನು ಓದಿಸಬೇಕಾದರೆ ಮೊದಲು ಒಲೆ ಹೂಡಬೇಕೆಂಬುದು ಇವರಿಗೆಲ್ಲ ತಿಳಿದಿತ್ತು. ಶಾಲೆಯ ಇತಿಹಾಸವನ್ನು ಕಟ್ಟಡದಿಂದ ಆರಂಭಿಸುತ್ತೇವೆ. ನನ್ನನ್ನು ಕೇಳಿದರೆ ಅಡಿಗೆಮನೆಯಿಂದ ಆರಂಭಿಸಬೇಕು. 1988ರಲ್ಲಿ ನಾನು ಬಿ.ಎ. ಓದಲು ಧಾರವಾಡಕ್ಕೆ ಬಂದೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೆಸ್ಸಿತ್ತು. ತಂದೆ ಫಾರ್ಮಿನಲ್ಲಿ ಸಹಿ ಮಾಡುವ ಮೊದಲು ಆ ಮೆಸ್ಸನ್ನು ನೋಡಬೇಕೆಂದು ಹಟ ಹಿಡಿದು, ಒಳಗೆ ಹೋಗಿ ಅನ್ನದ ಪಾತೆಲಿಯ ಮುಚ್ಚಳ ತೆಗೆದು ನೋಡಿದರು. ನಾಲ್ಕು ವರ್ಷ ನಾವು ಆ ಮೆಸ್ಸಿನ ನೀರು ಸಾರನ್ನು ಬೈಯುತ್ತಲೇ ಉಂಡೆವು. ನಾನು ಬಿ.ಇಡ್. ಪದವಿ ಪಡೆದದ್ದು ಆ ಸಾರಿನ ಮೇಲೆಯೇ.

ಆರನೆಯ ದಿನ ಶೀಗಿ ಹುಣ್ಣಿಮೆ. ಪೈರು ಹೊಡೆ ತುಂಬಿ ನಿಲ್ಲುವ ಈ ಹೊತ್ತಿನಲ್ಲಿ ಭೂಮಿತಾಯಿ ಬಸುರಿಯೆಂದು ರೈತರು ಅವಳ ಬಯಕೆ ತೀರಿಸುತ್ತಾರೆ. ಮಲೆನಾಡಿನಲ್ಲಿ ಇದಕ್ಕೇ ಭೂಮಿ ಹುಣ್ಣಿಮೆ ಎನ್ನುತ್ತಾರೆ. ನನ್ನ ಜೊತೆ ಕಲಿಸುವ ಶಿಕ್ಷಕಿಯೊಬ್ಬರ ಹೊಲಕ್ಕೆ ನಮ್ಮನ್ನು ಕರೆದಿದ್ದರು. ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಬದನೆಕಾಯಿ, ಕರಿಗಡಬು, ಹೋಳಿಗೆ, ಮೊಸರುಬುತ್ತಿ, ಹತ್ತಾರು ಹಿಂಡಿ. ಮೊದಲು ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿದರು. ಭೂಮಿಗೆ, ಹಕ್ಕಿಗೆ, ಇರುವೆಗೆ ಪಾಲು ಸಂದ ಮೇಲೆ ಮನುಷ್ಯರ ಊಟ. ಬನ್ನಿ ಗಿಡದ ನೆರಳಿನಲ್ಲಿ ಕಂಬಳಿ ಹಾಸಿ ಕೂತೆವು. ಮನೆಯವರು, ಆಳುಗಳು, ನೆರೆಹೊಲದವರು, ದಾರಿಯಲ್ಲಿ ಹೋಗುತ್ತಿದ್ದ ಕುರುಬರ ಹುಡುಗ, ಎಲ್ಲರೂ ಒಂದೇ ಸಾಲು. ಅರ್ಧ ಆಯುಷ್ಯವನ್ನು ಮಡಿಯಲ್ಲಿ ಕಳೆದ ಅವ್ವ ಆ ಮನೆಯ ಅಜ್ಜಿಯ ಪಕ್ಕದಲ್ಲಿ ಕೂತು ಎರಡು ಸಜ್ಜಿ ರೊಟ್ಟಿ ಉಂಡಳು. ಅಜ್ಜಿ ಮೂರನೆಯದನ್ನು ಹಾಕಬಂದಾಗ, “ಸಾಕ್ ತಾಯಿ” ಎಂದು ಕೈ ಅಡ್ಡ ಹಿಡಿದಳು. ಅಜ್ಜಿ ಆ ಕೈಯ ಮೇಲೆಯೇ ರೊಟ್ಟಿ ಇಟ್ಟಳು.

ಏಳನೆಯ ದಿನ ಯಾರಿಗೂ ಅಡಿಗೆ ಮಾಡುವ ಉಮೇದು ಇರಲಿಲ್ಲ. ಹೊಲದಿಂದ ಕಟ್ಟಿಕೊಟ್ಟಿದ್ದ ರೊಟ್ಟಿಗಳನ್ನು ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಸಾಸಿವೆ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆ. ಅದನ್ನೇ ಮೂವರೂ ಬೋಗುಣಿಯಲ್ಲಿ ಹಾಕಿಕೊಂಡು ತಿಂದೆವು. ಸಂಜೆ ಮಗಳು ಬಸ್ಸು ಹತ್ತಿದಳು. ಅವಳ ಚೀಲದಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಒಂದು ಡಬ್ಬಿ ಪೇಡೆ.

ರಜೆ ಮುಗಿದು ಶಾಲೆ ಆರಂಭವಾಯಿತು. ನಾನು ಸಣ್ಣವಳಿದ್ದಾಗ, 1970ರ ದಶಕದಲ್ಲಿ, ಹಳ್ಳಿಯ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಮನೆಯಿಂದ ತಾಟು ತಂದವರಿಗೆ ತಾಟಿನಲ್ಲಿ, ಇಲ್ಲದವರಿಗೆ ಅಂಗೈಯಲ್ಲಿ. ಸುಪ್ರೀಮ್ ಕೋರ್ಟು 2001ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು, ಮುಂದೆ ಹೈಸ್ಕೂಲಿಗೂ ವಿಸ್ತರಿಸಿತು. ಈ ಊಟಕ್ಕೆ ಜಾತಿ ಕೇಳುವುದಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ, ಏಕಾದಶಿಯೆಂದು ಒಲೆ ಆರುವುದಿಲ್ಲ. ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳುವುದಿಲ್ಲ. ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳಿಗೆ ಉಣ್ಣಬೇಡವೆಂದು ಹೇಳುವ ತಂದೆತಾಯಿಗಳ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ನೂರಾರು ಮಕ್ಕಳಿಗೆ ಬೇಯಿಸಿ ಹಾಕುವ ಅಡಿಗೆಯವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಖಾನಾವಳಿಯ ಹೆಂಗಸಿನ ಹಾಗೆ ಇವರೂ ಕೊನೆಗೆ ಉಣ್ಣುವವರು. ಆದರೆ ಇವರ ಹೆಸರು ಹಾಜರಿ ಪುಸ್ತಕದಲ್ಲಿದೆ. ಗುರುವಾರದ ಕಾಕುವಿನ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಶಾಲೆ ತೆರೆದ ಮೊದಲ ದಿನ ಬಡಿಸುವ ಸರತಿ ನನ್ನದಿತ್ತು. ಎಂಟನೆಯ ತರಗತಿಯ ಒಬ್ಬಳು ಸಣಕಲು ಹುಡುಗಿ ತಾಟು ಮುಗಿಸಿ, ನೆಟ್ಟಗೆ ನನ್ನ ಮುಂದೆ ಬಂದು, ತಾಟನ್ನು ಮುಂದೆ ಚಾಚಿ, “ಟೀಚರ್, ಇನ್ನೊಂದು ಸೌಟು ಹಾಕ್ರಿ” ಎಂದಳು. ತಲೆ ತಗ್ಗಿಸಲಿಲ್ಲ, ಧ್ವನಿ ಇಳಿಸಲಿಲ್ಲ. ಎರಡು ಸೌಟು ಹಾಕಿದೆ. ಅವಳು ಎಣಿಸಿ ನೋಡಿ, ನಕ್ಕು, ಹೋಗಿ ಗೆಳತಿಯರ ನಡುವೆ ಕೂತಳು.